ಕಬ್ಬನ್: ಒಂದು ವಿರಳ ಕುಲನಾಮದ ಮೂಲ ಮತ್ತು ಹರವು

ಪ್ರಶ್ನೆ: ನಮ್ಮ ಬೆಂಗಳೂರು ಕಚೇರಿಗೆ ಲಿವರ್‌ಪೂಲ್‌ನಿಂದ ಬಂದಿದ್ದ ಸಹೋದ್ಯೋಗಿಯೊಬ್ಬರ ಕುಲನಾಮ ‘ಕಬ್ಬಿನ್’. ಕಬ್ಬನ್ ಪಾರ್ಕಿನ ಫಲಕ ನೋಡಿ ಅವರು, ಇದು ತಮ್ಮ ಮನೆತನದ್ದೇ ಹೆಸರಿರಬೇಕು ಎಂದರು. ಕುತೂಹಲಕ್ಕೆ ಬ್ರಿಟನ್ನಿನ ಕುಲನಾಮಗಳ ಪಟ್ಟಿಗಳನ್ನು ಹುಡುಕಿದೆ. ‘ಕಬ್ಬನ್’ ಎಂಬವರು ತೀರ ಕಡಿಮೆ ಕಂಡರು. ಈ ಹೆಸರು ಎಲ್ಲಿಯದು? ಈಗ ಎಲ್ಲೆಲ್ಲಿ ಇದೆ? ಕಬ್ಬನ್, ಕಬ್ಬಿನ್, ಮೆಕ್‌ಕಬಿನ್ ಎಂಬವರೆಲ್ಲ ಒಂದೇ ಮೂಲದವರೇ? ಮಾರ್ಕ್ ಕಬ್ಬನ್ ಅವರ ವಂಶದವರು ಕರ್ನಾಟಕದಲ್ಲಿ ಉಳಿದಿದ್ದಾರೆಯೇ?

ಉತ್ತರ: ಪಟ್ಟಿಗಳಲ್ಲಿ ಈ ಹೆಸರು ಅಷ್ಟು ಕಡಿಮೆ ಕಂಡದ್ದಕ್ಕೆ ಎರಡು ಕಾರಣಗಳಿವೆ. ಹೆಸರು ನಿಜಕ್ಕೂ ವಿರಳವಾದದ್ದು, ಇದು ಮೊದಲನೆಯದು. ನೀವು ಹುಡುಕಿದ ಪಟ್ಟಿಗಳಲ್ಲಿ ಈ ಹೆಸರಿನ ತವರೇ ಸೇರಿರುವುದಿಲ್ಲ, ಇದು ಎರಡನೆಯದು. ಕಬ್ಬನ್ ಎಂಬುದು ಇಂಗ್ಲೆಂಡಿನ ಹೆಸರಲ್ಲ, ಸ್ಕಾಟ್ಲೆಂಡಿನದೂ ಅಲ್ಲ. ಅದು ಬ್ರಿಟನ್ ಮತ್ತು ಐರ್ಲೆಂಡುಗಳ ನಡುವಣ ಐರಿಷ್ ಸಮುದ್ರದಲ್ಲಿ, ಸುಮಾರು 572 ಚದರ ಕಿಲೋಮೀಟರ್ ವಿಸ್ತಾರದ ಐಲ್ ಆಫ್ ಮ್ಯಾನ್ ಎಂಬ ದ್ವೀಪದ ಹೆಸರು. ಈ ದ್ವೀಪ ಬ್ರಿಟಿಷ್ ದೊರೆತನದ ಅಧೀನದಲ್ಲಿದ್ದರೂ ಯುನೈಟೆಡ್ ಕಿಂಗ್‌ಡಮ್‌ನ ಭಾಗವಲ್ಲ; ಅದಕ್ಕೆ ತನ್ನದೇ ಶಾಸನಸಭೆಯಾದ ಟಿನ್‌ವಾಲ್ಡ್ ಇದೆ, ತನ್ನದೇ ಮತದಾರರ ಪಟ್ಟಿಯೂ ಇದೆ. ಹಾಗಾಗಿ ಬ್ರಿಟನ್ನಿನ ಮತದಾರರ ಪಟ್ಟಿಯನ್ನೋ ಇಂಗ್ಲೆಂಡ್ ಮತ್ತು ವೇಲ್ಸ್‌ನ ಅಂಕಿಅಂಶಗಳನ್ನೋ ಆಧರಿಸಿ ಇಂದು ಸಿದ್ಧಪಡಿಸುವ ಕುಲನಾಮಗಳ ನಕ್ಷೆಗಳಲ್ಲಿ ದ್ವೀಪದಿಂದ ವಲಸೆ ಹೋದವರ ಸಂತಾನ ಕಾಣುತ್ತದೆಯೇ ಹೊರತು ದ್ವೀಪದಲ್ಲೇ ಉಳಿದವರು ಕಾಣುವುದಿಲ್ಲ. ಮ್ಯಾನ್ ದ್ವೀಪದ ಹೆಸರುಗಳ ಬಗ್ಗೆ ಅಂತರ್ಜಾಲದಲ್ಲಿ ಹರಿದಾಡುವ ಅನೇಕ ತಪ್ಪು ತೀರ್ಮಾನಗಳಿಗೆ ಈ ಒಂದು ಲೋಪವೇ ಮೂಲ ಎಂದು ನನ್ನ ಅನಿಸಿಕೆ.

ಹೆಸರಿನ ಹುಟ್ಟನ್ನು ತಿಳಿಯಬೇಕಾದರೆ ಆ ದ್ವೀಪದ ಕುಲನಾಮಗಳ ಒಂದು ವಿಚಿತ್ರ ಲಕ್ಷಣವನ್ನು ಮೊದಲು ಗಮನಿಸಬೇಕು. ಮ್ಯಾನ್ ದ್ವೀಪದ ಹಳೆಯ ಹೆಸರುಗಳಲ್ಲಿ ಬಹುಪಾಲು ಕಕಾರದ ಧ್ವನಿಯಿಂದ ಆರಂಭವಾಗುತ್ತವೆ: ಕೆಲಿ, ಕ್ವೇಲ್, ಕ್ವಿಲ್ಯಮ್, ಕಾರ್ಕಿಲ್, ಕಾರ್ಲೆಟ್, ಕರ್ಮೋಡ್, ಕಿಸಾಕ್, ಕಿಲಿಪ್, ಕ್ಯಾನೆಲ್, ಕೌಲಿ. ಇದು ಆಕಸ್ಮಿಕವಲ್ಲ. ದ್ವೀಪದ ಜನ ಆಡುತ್ತಿದ್ದ ಮ್ಯಾಂಕ್ಸ್ ಭಾಷೆ ಐರಿಷ್ ಮತ್ತು ಸ್ಕಾಟಿಷ್ ಗೇಲಿಕ್ ಭಾಷೆಗಳ ಒಡಹುಟ್ಟು. ಆ ಭಾಷೆಗಳಲ್ಲಿರುವಂತೆ ಇಲ್ಲಿಯೂ ‘ಮಗ’ ಎಂಬರ್ಥದ ‘ಮ್ಯಾಕ್’ ಪದವನ್ನು ತಂದೆಯ ಹೆಸರಿನ ಹಿಂದೆ ಇಟ್ಟು ಹೆಸರು ಕಟ್ಟುತ್ತಿದ್ದರು. ಮೊದಲಲ್ಲಿ ಇದು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತಿತ್ತು. ಹಳೆಯ ಮೈಸೂರು ಸೀಮೆಯಲ್ಲಿ ತಂದೆಯ ಹೆಸರಿನ ಮೊದಲಕ್ಷರವನ್ನು ಇನಿಷಿಯಲ್ ಆಗಿ ಇಟ್ಟುಕೊಳ್ಳುವವರು, ಹೊರದೇಶಕ್ಕೆ ಹೋದಾಗ ಪಾಸ್‌ಪೋರ್ಟಿನ ಒತ್ತಾಯಕ್ಕೆ ಆ ತಂದೆಯ ಹೆಸರೇ ಸರ್‌ನೇಮ್ ಆಗಿ ನಿಂತು, ಮೊಮ್ಮಕ್ಕಳಿಗೂ ಅದೇ ಮುಂದುವರಿಯುತ್ತದಲ್ಲ, ಹೆಚ್ಚುಕಡಿಮೆ ಅದೇ ಬಗೆಯಲ್ಲಿ ಯಾವುದೋ ಒಂದು ತಲೆಮಾರಿನಲ್ಲಿ ಆ ಹೆಸರು ಸ್ಥಿರಗೊಂಡು ಕುಲನಾಮವಾಯಿತು.

ದ್ವೀಪವನ್ನು 1405ರಿಂದ ಮೂರು ಶತಮಾನಕ್ಕೂ ಮಿಕ್ಕಿ ಆಳಿದವರು ಇಂಗ್ಲೆಂಡಿನ ಸ್ಟ್ಯಾನ್ಲಿ ಮನೆತನದವರು. ಅವರ ಕಂದಾಯ ಲೆಕ್ಕದ ಪಟ್ಟಿಗಳೇ ಈ ಹೆಸರುಗಳ ಮಟ್ಟಿಗೆ ನಮಗಿರುವ ಅಮೂಲ್ಯ ದಾಖಲೆ. 16ನೇ ಶತಮಾನದ ಆರಂಭದ ಪಟ್ಟಿಗಳಲ್ಲಿ ರೈತರ ಹೆಸರುಗಳು ಹೆಚ್ಚಿನಂಶ ‘ಮ್ಯಾಕ್’ ಸಮೇತವಾಗಿವೆ. ಮುಂದಿನ ನೂರು, ನೂರೈವತ್ತು ವರ್ಷಗಳಲ್ಲಿ ಆ ‘ಮ್ಯಾಕ್’ ಬಹುತೇಕ ಮಾಯವಾಗುತ್ತದೆ. ಆದರೆ ಅದು ಪೂರ್ತಿಯಾಗಿ ಉದುರಿಹೋಗಲಿಲ್ಲ. ಒತ್ತಿಲ್ಲದ ಮೊದಲ ಭಾಗ ಉದುರಿ, ಕೊನೆಯ ಕಕಾರ ಮಾತ್ರ ಮುಂದಿನ ಹೆಸರಿಗೆ ಅಂಟಿಕೊಂಡು ಉಳಿಯಿತು. ಮ್ಯಾಕ್ ಐಸಾಕ್ ಎಂಬುದು ಕಿಸಾಕ್ ಆಯಿತು, ಮ್ಯಾಕ್ ಫಿಲಿಪ್ ಕಿಲಿಪ್ ಆಯಿತು, ಮ್ಯಾಕ್ ವಿಲಿಯಂ ಕ್ವಿಲ್ಯಮ್ ಆಯಿತು. 1266ರವರೆಗೆ ದ್ವೀಪ ನಾರ್ವೆಯ ದೊರೆಗಳ ಅಧೀನದಲ್ಲಿದ್ದುದರಿಂದ ನಾರ್ಸ್ ಜನರ ಹೆಸರುಗಳೂ ಇದೇ ದಾರಿ ಹಿಡಿದವು. ಕಾರ್ಕಿಲ್ ಎಂಬುದರ ಒಳಗೆ ಥೋರ್ಕೆಲ್ ಎಂಬ ನಾರ್ಸ್ ಪುರುಷನಿದ್ದಾನೆ, ಕೌಲಿ ಎಂಬುದರ ಒಳಗೆ ಓಲಾಫ್ ಇದ್ದಾನೆ.

ಕಬ್ಬನ್ ಎಂಬುದರ ಒಳಗಿರುವವನು ಗಿಬನ್. ದ್ವೀಪದ ಕುಲನಾಮಗಳನ್ನು ಮೊದಲ ಬಾರಿಗೆ ವ್ಯವಸ್ಥಿತವಾಗಿ ಪರಿಶೀಲಿಸಿ 1890ರಲ್ಲಿ ಪ್ರಕಟಿಸಿದ ಎ. ಡಬ್ಲ್ಯು. ಮೂರ್ ಅವರು ಇದನ್ನು ‘ಮ್ಯಾಕ್ ಗಿಬನ್’ ಎಂಬುದರ ಸಂಕೋಚವೆಂದು ಗುರುತಿಸಿದರು, ಆ ಅಭಿಪ್ರಾಯ ಇಂದಿಗೂ ನಿಂತಿದೆ. ಧ್ವನಿಯ ಲೆಕ್ಕದಲ್ಲಿ ನೋಡಿದರೆ ಮ್ಯಾಕ್‌ನ ಕಕಾರವೂ ಗಿಬನ್‌ನ ಗಕಾರವೂ ಒತ್ತೊತ್ತಾಗಿ ಬಂದು ಒಂದೇ ಕಕಾರವಾಗಿವೆ. ಅದರ ಮುಂದಿದ್ದ ಇಕಾರ, ತುಟಿಯಲ್ಲಿ ಹುಟ್ಟುವ ಬಕಾರದ ನೆರೆಯಲ್ಲಿ, ಉಕಾರದತ್ತ ಸರಿದಿದೆ. ಇಂಗ್ಲಿಷ್ ಬರವಣಿಗೆಯಲ್ಲಿ ಇವತ್ತಿಗೂ ಅಲ್ಲಿ ‘ಯು’ ಅಕ್ಷರವೇ ಇರುವುದು. ಇಂಗ್ಲಿಷಿನ ಉಚ್ಚಾರಕ್ಕೆ ಒಳಗಾಗಿ ಅದು ಅಕಾರದಂತೆ ಕೇಳುವುದರಿಂದ ನಾವು ‘ಕಬ್ಬನ್’ ಎನ್ನುತ್ತೇವೆ.

ಗಿಬನ್ ಎಂಬುದು ಗಿಲ್ಬರ್ಟ್ ಎಂಬ ಹೆಸರಿನ ಮುದ್ದಿನ ರೂಪ. ಗಿಲ್ಬರ್ಟ್ ಜರ್ಮಾನಿಕ್ ಮೂಲದ್ದು; ನಾರ್ಮನ್ನರ ಜೊತೆ ಇಂಗ್ಲೆಂಡಿಗೆ ಬಂದು 12 ಮತ್ತು 13ನೇ ಶತಮಾನಗಳಲ್ಲಿ ಮನೆಮಾತಾಯಿತು. ಅದನ್ನು ಮೊಟಕುಗೊಳಿಸಿ ಗಿಬ್ ಎಂದರು, ಗಿಬ್‌ಗೆ ಪ್ರತ್ಯಯ ಹಚ್ಚಿ ಗಿಬನ್ ಎಂದರು. ಇಂಗ್ಲೆಂಡಿನ ಗಿಬ್ಸ್, ಗಿಬ್ಸನ್, ಗಿಬನ್ಸ್ ಮೊದಲಾದ ಕುಲನಾಮಗಳೆಲ್ಲ ಈ ಬೇರಿನಿಂದಲೇ ಚಿಗುರಿದವು. ರೋಮ್ ಸಾಮ್ರಾಜ್ಯದ ಇತಿಹಾಸಕಾರ ಎಡ್ವರ್ಡ್ ಗಿಬನ್ ಅವರ ಹೆಸರೂ ಅದೇ.

ಹಾಗೆಂದು ಕಬ್ಬನ್ ಮನೆತನದ ಮೂಲಪುರುಷ ನಾರ್ಮನ್ ಆಗಿದ್ದನೆಂದು ಹೇಳಲು ಹೊರಡುವುದು ಸರಿಯಲ್ಲ. ಜನ ತಮ್ಮ ಕಾಲದ ಮೆಚ್ಚಿನ ಹೆಸರುಗಳನ್ನು ರಕ್ತಸಂಬಂಧದ ಹಂಗಿಲ್ಲದೆ ಇಟ್ಟುಕೊಳ್ಳುತ್ತಾರೆ. ಅದಲ್ಲದೆ ಐರಿಷ್ ಸಮುದ್ರದ ಸುತ್ತಲಿನ ಸೀಮೆಯಲ್ಲಿ ಗಿಲ್ಬರ್ಟ್ ಎಂಬುದು ಒಮ್ಮೊಮ್ಮೆ ಬೇರೊಂದು ಹೆಸರಿನ ಮೇಲಿನ ಹೊದಿಕೆಯಷ್ಟೇ ಆಗಿತ್ತು. ದಕ್ಷಿಣ ಸ್ಕಾಟ್ಲೆಂಡಿನ ಗ್ಯಾಲೊವೆ ಪ್ರಾಂತದ ಒಡೆಯನಾಗಿ 1185ರಲ್ಲಿ ತೀರಿಕೊಂಡವನೊಬ್ಬ ಲ್ಯಾಟಿನ್ ದಾಖಲೆಗಳಲ್ಲಿ ಗಿಲ್ಬರ್ಟ್. ಅವನ ಸ್ವಂತ ಗೇಲಿಕ್ ಹೆಸರು ಗಿಲ್ಲೆ ಬ್ರಿಗ್ಟೆ, ಅಂದರೆ ಸಂತ ಬ್ರಿಗಿಡಳ ಸೇವಕ. ಎರಡು ಹೆಸರುಗಳ ನಾದ ಹತ್ತಿರವಿದ್ದುದರಿಂದ ಗುಮಾಸ್ತರು ಒಂದರ ಬದಲು ಇನ್ನೊಂದನ್ನು ಬರೆದರು. ಆದ್ದರಿಂದ ಒಂದು ಕುಲನಾಮದ ಒಳಗೆ ಯಾವ ಹೆಸರಿದೆ ಎಂದು ತಿಳಿಯುವುದು ಒಂದು ಕೆಲಸ, ಆ ಹೆಸರನ್ನು ಹೊತ್ತಿದ್ದ ಮನುಷ್ಯ ಯಾವ ಜನಾಂಗದವನೆಂದು ತಿಳಿಯುವುದು ಪೂರ್ತಿ ಬೇರೆ ಕೆಲಸ.

ಇನ್ನು ನಿಮ್ಮ ಮೂರನೆಯ ಪ್ರಶ್ನೆ. ಕಬ್ಬನ್ ಮತ್ತು ಕಬ್ಬಿನ್ ಎಂಬ ಎರಡು ಬರವಣಿಗೆಗಳನ್ನು ಮ್ಯಾನ್ ದ್ವೀಪದ ಮಟ್ಟಿಗೆ ಬೇರೆ ಬೇರೆ ಹೆಸರುಗಳೆಂದು ಎಣಿಸಬೇಕಾಗಿಲ್ಲ. ಮ್ಯಾಂಕ್ಸ್ ಭಾಷೆಯಲ್ಲಿ ಮೊದಲ ಪುಸ್ತಕ ಅಚ್ಚಾದದ್ದು 1707ರಲ್ಲಿ. ಅದಕ್ಕೆ ಮುಂಚೆಯೂ ಆಮೇಲೆ ಬಹುಕಾಲವೂ ಚರ್ಚಿನ ಪುಸ್ತಕಗಳಲ್ಲಿ ಹೆಸರು ಬರೆಯುತ್ತಿದ್ದ ಪಾದ್ರಿಗಳು ತಮ್ಮ ಕಿವಿಗೆ ಬಿದ್ದ ಮ್ಯಾಂಕ್ಸ್ ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತೋಚಿದಂತೆ ಬರೆದರು. ಕೊನೆಯ ಸ್ವರಕ್ಕೆ ಒತ್ತಿಲ್ಲದ್ದರಿಂದ ಅದು ‘ಒ’ ಆಗಬಹುದಿತ್ತು, ‘ಐ’ ಆಗಬಹುದಿತ್ತು. ಒಂದೇ ತಾಯಿತಂದೆಯ ಮಕ್ಕಳ ಹೆಸರನ್ನು ಎರಡು ಬಗೆಯಲ್ಲಿ ಬರೆದಿದ್ದರೂ ಅಂದಿನವರಿಗೆ ಅದು ತಪ್ಪೆಂದು ತೋರುತ್ತಿರಲಿಲ್ಲ. ಬರವಣಿಗೆ ಗಟ್ಟಿಯಾದದ್ದು ಶಾಲೆಗಳು ಮತ್ತು ಸರ್ಕಾರಿ ನೋಂದಣಿ ಬಂದ ಮೇಲೆ. ವಲಸೆ ಹೋದವರ ವಿಷಯದಲ್ಲಂತೂ ಲಿವರ್‌ಪೂಲ್‌ನ ಗುಮಾಸ್ತ ಬರೆದದ್ದೇ ಕೊನೆಯ ಮಾತು.

ಮೆಕ್‌ಕಬಿನ್ ಎಂಬುದರ ಕಥೆ ಬೇರೆ. ಅದು ಗ್ಯಾಲೊವೆ ಮತ್ತು ಅದರ ಪಕ್ಕದ ಏರ್‌ಶೈರ್‌ನ ಹೆಸರು. ದ್ವೀಪದ ಉತ್ತರದ ತುದಿಯಿಂದ ಗ್ಯಾಲೊವೆಯ ಕರಾವಳಿ ಸುಮಾರು 26 ಕಿಲೋಮೀಟರ್ ದೂರವಷ್ಟೆ. ತಿಳಿಯಾದ ದಿನ ಕಣ್ಣಿಗೆ ಕಾಣುತ್ತದೆ. ಅಲ್ಲಿಯೂ ಗೇಲಿಕ್ ಮಾತು ಇತ್ತು, ಅಲ್ಲಿಯೂ ಮ್ಯಾಕ್ ಗಿಬನ್ ಎಂಬುದರ ಇಕಾರ ಉಕಾರವಾಯಿತು. ಆದರೆ ದ್ವೀಪದಲ್ಲಿ ಉದುರಿದ ‘ಮ್ಯಾಕ್’ ಅಲ್ಲಿ ಉದುರಲಿಲ್ಲ. ಆಸ್ಟ್ರೇಲಿಯಾದ ಪ್ರಸಿದ್ಧ ಚಿತ್ರಕಾರ ಫ್ರೆಡೆರಿಕ್ ಮೆಕ್‌ಕಬಿನ್ (1855–1917) ಅವರ ತಂದೆ ಏರ್‌ಶೈರ್‌ನ ಕಡೆಯವರೇ. ಸ್ಕಾಟ್ಲೆಂಡಿನ ಆರ್ಗೈಲ್ ಸೀಮೆಯಲ್ಲಿ ಇದೇ ಹೆಸರು ಮೆಕ್‌ಗಿಬನ್ ಆಗಿ ಉಳಿದಿದೆ. ಐರ್ಲೆಂಡಿನ ಲಿಮರಿಕ್‌ನಲ್ಲಿ ನಾರ್ಮನ್ ಮೂಲದ ಒಂದು ಮನೆತನ ಅದೇ ಅರ್ಥದಲ್ಲಿ ಫಿಟ್ಸ್‌ಗಿಬನ್ ಎಂದು ಕರೆಸಿಕೊಂಡಿದೆ. ಇವೆಲ್ಲವೂ ‘ಗಿಬನ್‌ನ ಮಗ’ ಎಂಬ ಅರ್ಥದವೇ, ಆದರೆ ಗಿಬನ್ ಒಬ್ಬನೇ ಅಲ್ಲ. ಊರೂರಿಗೆ ಒಬ್ಬ ಗಿಬನ್ ಇದ್ದ ಕಾಲದಲ್ಲಿ ಹುಟ್ಟಿದ ಹೆಸರುಗಳಿವು. ದ್ವೀಪಕ್ಕೂ ಗ್ಯಾಲೊವೆಗೂ ದೋಣಿಗಳ ಓಡಾಟ ಯಾವಾಗಲೂ ಇದ್ದುದರಿಂದ ಯಾವುದಾದರೂ ಒಂದು ಮನೆ ಆಚೆಯಿಂದ ಈಚೆಗೆ ಬಂದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಹೆಸರಿನ ಹೋಲಿಕೆ ಮಾತ್ರ ಅದಕ್ಕೆ ಸಾಕ್ಷಿಯಾಗುವುದಿಲ್ಲ.

ಈ ಬಗೆಯ ಸಂದೇಹವನ್ನು ಬಗೆಹರಿಸುವಲ್ಲಿ ಕಳೆದ ಎರಡು ದಶಕಗಳಿಂದ ತಳಿವಿಜ್ಞಾನ ನೆರವಿಗೆ ಬಂದಿದೆ. ಕುಲನಾಮದಂತೆಯೇ ವೈ ವರ್ಣತಂತು ಕೂಡ ತಂದೆಯಿಂದ ಮಗನಿಗೆ ಸಾಗುತ್ತದೆ. ಲೆಸ್ಟರ್ ವಿಶ್ವವಿದ್ಯಾಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 40 ಬ್ರಿಟಿಷ್ ಕುಲನಾಮಗಳ 1,678 ಪುರುಷರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸ್ಪಷ್ಟವಾದ ಚಿತ್ರ ಮೂಡಿತು: ಸ್ಮಿತ್‌ನಂತಹ ಸರ್ವೇಸಾಮಾನ್ಯ ಹೆಸರಿನವರ ನಡುವೆ ದಾರಿಹೋಕರ ನಡುವಿನಷ್ಟೇ ಸಂಬಂಧ ಕಂಡರೆ, ವಿರಳ ಹೆಸರಿನವರಲ್ಲಿ ಬಹುಮಂದಿ ಒಂದೇ ಪೂರ್ವಜನಿಂದ ಇಳಿದುಬಂದಂತೆ ಕಂಡಿತು. ಇದಕ್ಕೆ ಕಾರಣ ಮೊದಲಿಗೇ ಒಬ್ಬ ಮೂಲಪುರುಷನಿದ್ದ ಎಂಬುದಷ್ಟೇ ಅಲ್ಲ. ಸಣ್ಣ ಸಮುದಾಯದಲ್ಲಿ ಗಂಡುಮಕ್ಕಳಿಲ್ಲದ ಶಾಖೆಗಳ ಹೆಸರು ಅಲ್ಲಿಗೇ ನಿಂತುಹೋಗುತ್ತದೆ. ಕೆಲವು ನೂರು ವರ್ಷಗಳಲ್ಲಿ ನಾಲ್ಕಾರು ಮೂಲಗಳಿದ್ದ ಹೆಸರಿಗೂ ಒಂದೋ ಎರಡೋ ಶಾಖೆ ಮಾತ್ರ ಉಳಿಯಬಹುದು. 18ನೇ ಶತಮಾನದ ಮೊದಲ ಭಾಗದಲ್ಲಿ ಇಡೀ ದ್ವೀಪದ ಜನಸಂಖ್ಯೆ 14,000ದ ಆಸುಪಾಸಿನಲ್ಲಿತ್ತು ಎಂಬುದನ್ನು ನೆನೆದರೆ, ಅಲ್ಲಿಯ ಕುಲನಾಮಗಳು ಎಷ್ಟು ಸಣ್ಣ ಬುಡದ ಮೇಲೆ ನಿಂತಿದ್ದವೆಂಬುದು ತಿಳಿಯುತ್ತದೆ. ಹಾಗಾಗಿ ದ್ವೀಪದ ಕಬ್ಬನ್ ಮತ್ತು ಕಬ್ಬಿನ್‌ಗಳಲ್ಲಿ ಅನೇಕರು ದೂರದ ದಾಯಾದಿಗಳಾಗಿರುವ ಸಂಭವ ಹೆಚ್ಚು. ಗ್ಯಾಲೊವೆಯವರ ವಿಷಯದಲ್ಲಿ ಹಾಗೆ ಹೇಳಲು ಆಧಾರವಿಲ್ಲ.

ಹೆಸರಿನ ಹರವಿನ ವಿಚಾರದಲ್ಲಿ ಮುಖ್ಯವಾಗಿ ಹೇಳಬೇಕಾದದ್ದು ಸಮುದ್ರಮಾರ್ಗವನ್ನು ಕುರಿತದ್ದೇ. ದ್ವೀಪದಾಚೆ ಕಬ್ಬನ್ ಮತ್ತು ಕಬ್ಬಿನ್‌ಗಳು ಗುಂಪಾಗಿ ಕಾಣುವ ಜಾಗ ಲಿವರ್‌ಪೂಲ್ ಮತ್ತು ಅದನ್ನು ಸುತ್ತುವರಿದ ಹಳೆಯ ಲ್ಯಾಂಕಶೈರ್. 1821ರ ವೇಳೆಗೆ ದ್ವೀಪದ ಜನಸಂಖ್ಯೆ 40,000ಕ್ಕೆ ಏರಿತ್ತು. ಉಳಲು ನೆಲ ಸಾಲದೆ, ಹೆರಿಂಗ್ ಮೀನಿನ ಹಂಗಾಮು ವರ್ಷವಿಡೀ ಕೈಹಿಡಿಯದೆ, ಕಿರಿಯ ಮಕ್ಕಳು ಹೊರಗೆ ದುಡಿಮೆ ಹುಡುಕಲೇಬೇಕಾಯಿತು. 1830ರಲ್ಲಿ ಐಲ್ ಆಫ್ ಮ್ಯಾನ್ ಸ್ಟೀಮ್ ಪ್ಯಾಕೆಟ್ ಕಂಪನಿ ಸ್ಥಾಪನೆಯಾಗಿ ದ್ವೀಪದ ಡಗ್ಲಸ್ ಬಂದರು ಮತ್ತು ಲಿವರ್‌ಪೂಲ್‌ಗಳ ನಡುವೆ ಉಗಿಹಡಗುಗಳು ನಿಯತವಾಗಿ ಓಡತೊಡಗಿದ ಮೇಲೆ ಲಿವರ್‌ಪೂಲ್ ಆ ದ್ವೀಪದವರಿಗೆ ತಮ್ಮ ರಾಜಧಾನಿಯಷ್ಟೇ ಹತ್ತಿರವಾಯಿತು. ಬಂದರಿನ ಕೂಲಿ, ಹಡಗಿನ ಕೆಲಸ, ಬಡಗಿತನ, ಮನೆಗೆಲಸ ಹೀಗೆ ಗಂಡಸರಿಗೂ ಹೆಂಗಸರಿಗೂ ಅಲ್ಲಿ ಸಂಪಾದನೆಯ ದಾರಿಗಳಿದ್ದವು. ನಿಮ್ಮ ಸಹೋದ್ಯೋಗಿ ಲಿವರ್‌ಪೂಲ್‌ನವರೆಂಬುದು ಈ ಚಿತ್ರಕ್ಕೆ ಸರಿಯಾಗಿ ಹೊಂದುತ್ತದೆ. ಅವರ ಹಿರಿಯರು ಮ್ಯಾನ್ ದ್ವೀಪದವರೇ ಎಂದು ಪಣ ಕಟ್ಟಲು ನಾನು ಹಿಂಜರಿಯುವುದಿಲ್ಲ, ಮಾರ್ಕ್ ಕಬ್ಬನ್ ಅವರ ನೆಂಟರು ಎಂದು ಮಾತ್ರ ಕಟ್ಟಲಾರೆ.

ಅದರಾಚೆಯ ಹರವು ತೆಳು. 1827ರ ಸುಮಾರಿಗೆ ದ್ವೀಪದ ಉತ್ತರದ ಪ್ಯಾರಿಷ್‌ಗಳಿಂದ, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಗೆ ಸೇರಿದ ಸೀಮೆಗಳಿಂದ, ಹಲವು ಕುಟುಂಬಗಳು ಅಮೆರಿಕದ ಓಹಾಯೊ ರಾಜ್ಯಕ್ಕೆ, ಕ್ಲೀವ್‌ಲ್ಯಾಂಡ್‌ನ ಆಸುಪಾಸಿಗೆ ಹೊರಟವು. ಮ್ಯಾನ್ ದ್ವೀಪದ ಕುಲನಾಮಗಳು ಅಮೆರಿಕದಲ್ಲಿ ಅತಿ ಹೆಚ್ಚು ಒಟ್ಟಾಗಿ ಕಾಣುವುದು ಅಲ್ಲಿಯೇ. ಲ್ಯಾಕ್ಸಿ ಮತ್ತು ಫಾಕ್ಸ್‌ಡೇಲ್‌ಗಳ ಸೀಸದ ಗಣಿಗಳು ಬತ್ತುತ್ತ ಬಂದಾಗ ಗಣಿಯ ಕೆಲಸ ಬಲ್ಲವರು ದಕ್ಷಿಣ ಆಫ್ರಿಕಕ್ಕೂ ಆಸ್ಟ್ರೇಲಿಯಾಕ್ಕೂ ಹೋದರು. ದ್ವೀಪದಲ್ಲೇ ಉಳಿದವರ ಪೈಕಿ ಹೆಸರಿಸಲೇಬೇಕಾದವರು ವಿಲಿಯಂ ಕಬ್ಬನ್ (1865–1955). 1922ರಲ್ಲಿ ಡಗ್ಲಸ್‌ನಲ್ಲಿ ತೆರೆದ ಮ್ಯಾಂಕ್ಸ್ ವಸ್ತುಸಂಗ್ರಹಾಲಯಕ್ಕೆ ಅವರು ಗ್ರಂಥಪಾಲಕರೂ ಅನಂತರ ನಿರ್ದೇಶಕರೂ ಆಗಿದ್ದರು. ದ್ವೀಪಕ್ಕೆ ಸಂಬಂಧಿಸಿದ ಬರಹಗಳನ್ನೆಲ್ಲ ಪಟ್ಟಿಮಾಡಿ ಅವರು ಹೊರತಂದ ಸೂಚಿಯಿಲ್ಲದೆ ಅಲ್ಲಿಯ ಇತಿಹಾಸದ ಕೆಲಸ ಇಂದಿಗೂ ನಡೆಯುವುದಿಲ್ಲ.

ಕರ್ನಾಟಕಕ್ಕೆ ಈ ಹೆಸರು ಬಂದ ದಾರಿ ಕಬ್ಬನ್ ಮನೆತನಕ್ಕಿಂತ ಹೆಚ್ಚಾಗಿ ತಾಯಿಯ ಕಡೆಯ ನೆಂಟಸ್ತನದ್ದು. ದ್ವೀಪದ ಮ್ಯಾಕಲ್ಡ್ ಎಂಬ ಪ್ಯಾರಿಷ್‌ನಲ್ಲಿ ಪಾದ್ರಿಯಾಗಿದ್ದ ಥಾಮಸ್ ಕಬ್ಬನ್ ಮತ್ತು ಮಾರ್ಗರೆಟ್ ವಿಲ್ಕ್ಸ್ ಅವರ ಮಗ ಮಾರ್ಕ್. ಆತನಿಗೆ ಸೋದರಮಾವನ ಹೆಸರನ್ನೇ ಇಟ್ಟಿದ್ದರು. ಆ ಸೋದರಮಾವ, 1803ರಿಂದ ಕೆಲವು ವರ್ಷ ಮೈಸೂರಿನಲ್ಲಿ ರೆಸಿಡೆಂಟ್, ಅಂದರೆ ಅರಮನೆಯಲ್ಲಿ ಬ್ರಿಟಿಷರ ಪ್ರತಿನಿಧಿ, ಆಗಿದ್ದು ಮೈಸೂರಿನ ಇತಿಹಾಸವನ್ನು ಬರೆದ, ನೆಪೋಲಿಯನ್ ಸೆರೆಯಾಳಾಗಿ ಬಂದಿಳಿದಾಗ ಸೇಂಟ್ ಹೆಲೆನಾದ ಗವರ್ನರ್ ಆಗಿದ್ದ ಮಾರ್ಕ್ ವಿಲ್ಕ್ಸ್. 19ನೇ ಶತಮಾನದ ಹೊಸ್ತಿಲಲ್ಲಿ ಮದರಾಸಿನ ಸೈನ್ಯಕ್ಕೆ ಕೆಡೆಟ್ ಆಗಿ ಬಂದ ಮಾರ್ಕ್ ಕಬ್ಬನ್ 1834ರಲ್ಲಿ ಮೈಸೂರಿನ ಕಮಿಷನರ್ ಆದರು, 1861ರವರೆಗೆ ಆ ಹುದ್ದೆಯಲ್ಲಿದ್ದರು. ಅದೇ ವರ್ಷ ಊರಿಗೆ ಮರಳುವಾಗ ಸೂಯೆಜ್‌ನಲ್ಲಿ ತೀರಿಕೊಂಡರು. ದೇಹವನ್ನು ಮ್ಯಾಕಲ್ಡ್‌ಗೆ ಒಯ್ದು ಮಣ್ಣುಮಾಡಲಾಯಿತು. ಅವರು ಮದುವೆಯಾಗಿರಲಿಲ್ಲ. ಹೀಗಾಗಿ ಅವರಿಂದ ಮುಂದುವರಿದ ಕಬ್ಬನ್ ವಂಶವೆಂಬುದು ಕರ್ನಾಟಕದಲ್ಲಿ ಇಲ್ಲ. ಇಲ್ಲಿ ಉಳಿದಿರುವುದು ಕಬ್ಬನ್ ಪೇಟೆ, ಕಬ್ಬನ್ ರಸ್ತೆ, ಉದ್ಯಾನ ಮುಂತಾದ ಜಾಗಗಳ ಹೆಸರುಗಳು ಮಾತ್ರ. ಉದ್ಯಾನವನ್ನು ಅವರು ಕಂಡೂ ಇರಲಿಲ್ಲ: ಅವರು ಸತ್ತು ಒಂಬತ್ತು ವರ್ಷಗಳಾದ ಮೇಲೆ, 1870ರಲ್ಲಿ, ರಿಚರ್ಡ್ ಸ್ಯಾಂಕಿ ಅದನ್ನು ರೂಪಿಸಿದರು, ಮೊದಲು ಅದು ಮೀಡ್ಸ್ ಪಾರ್ಕ್ ಆಗಿತ್ತು, 1927ರಿಂದ ಕಾಗದಪತ್ರಗಳಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೂ ಆಗಿದೆ. ಒಂದು ಸಣ್ಣ ದ್ವೀಪದ ವಿರಳ ಕುಲನಾಮವನ್ನು ಅದರ ತವರಿಗಿಂತ ಬೆಂಗಳೂರಿನಲ್ಲಿ ಹೆಚ್ಚು ಜನ ದಿನವೂ ಉಚ್ಚರಿಸುತ್ತಿರಬಹುದು.

ನಿಮ್ಮ ಸಹೋದ್ಯೋಗಿಗೆ ನಿಜವಾದ ಆಸಕ್ತಿ ಇದ್ದರೆ, ಕುಲನಾಮಕ್ಕೆ ‘ಮನೆತನದ ಲಾಂಛನ’ ಮುದ್ರಿಸಿ ಮಾರುವ ಅಂಗಡಿಗಳಿಂದ ದೂರವಿರಲು ಹೇಳಿ. ಇಂಗ್ಲೆಂಡಿನ ಪದ್ಧತಿಯಲ್ಲಿ ಲಾಂಛನ ನೀಡುವುದು ಒಬ್ಬ ವ್ಯಕ್ತಿಗೆ, ಅವನ ನೇರ ಸಂತಾನಕ್ಕೆ ಅದು ಸಲ್ಲುತ್ತದೆ. ಒಂದು ಹೆಸರನ್ನು ಹೊತ್ತವರಿಗೆಲ್ಲ ಸಲ್ಲುವ ಲಾಂಛನ ಎಂಬುದೇ ಇಲ್ಲ. ಅದರ ಬದಲು ಅವರು ತಮ್ಮ ಅಜ್ಜ, ಮುತ್ತಜ್ಜರಿಂದ ಹಿಂದಕ್ಕೆ ಹೋಗಲಿ. ಇಂಗ್ಲೆಂಡಿನಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ 1837ರಿಂದ ಇದೆ, ಮದುವೆಯ ಪತ್ರದಲ್ಲಿ ವಧೂವರರ ತಂದೆಯರ ಹೆಸರು ಮತ್ತು ಕಸುಬು ಇರುತ್ತದೆ. 1851ರಿಂದ ಜನಗಣತಿಯಲ್ಲಿ ಹುಟ್ಟಿದ ಊರನ್ನೂ ಬರೆದಿದ್ದಾರೆ. ಮ್ಯಾನ್ ದ್ವೀಪದವರ ಪಾಲಿಗೆ ಬಹಳಷ್ಟು ಸಲ ಬರಿಯ ದ್ವೀಪದ ಹೆಸರು ಬರೆದು ಬಿಟ್ಟಿರುವುದು ನಿರಾಶೆಯ ಸಂಗತಿ. ಹಾಗಾದಾಗ ಒಂದೇ ಮನೆಯ ಬೇರೆ ಬೇರೆ ವರ್ಷಗಳ ಗಣತಿಯನ್ನು ಹೋಲಿಸಬೇಕು, ಅಣ್ಣತಮ್ಮಂದಿರ ದಾಖಲೆಯನ್ನೂ ನೋಡಬೇಕು, ಯಾರಾದರೊಬ್ಬರ ಮುಂದೆ ಪ್ಯಾರಿಷ್‌ನ ಹೆಸರು ಸಿಕ್ಕೀತು. 19ನೇ ಶತಮಾನದ ಆ ಗಣತಿಗಳಲ್ಲಿ ದ್ವೀಪವೂ ಸೇರಿದೆ ಎಂಬುದು ಇಂದಿನ ಪಟ್ಟಿಗಳಿಗಿಂತ ಅವುಗಳಿಗಿರುವ ದೊಡ್ಡ ಅನುಕೂಲ. ಹೆಸರಿನ ಹರವನ್ನು ನೋಡಲು ಸಂಶೋಧಕರು ಸಾಮಾನ್ಯವಾಗಿ 1881ರ ಗಣತಿಯನ್ನು ಬಳಸುತ್ತಾರೆ.

ಸಮುದ್ರ ದಾಟಿದ ಮೇಲೆ ದಾಖಲೆಗಳ ಲೆಕ್ಕ ಬದಲಾಗುತ್ತದೆ. ದ್ವೀಪದಲ್ಲಿ ಜನನ ಮರಣಗಳ ಕಡ್ಡಾಯ ನೋಂದಣಿ ಆರಂಭವಾದದ್ದು 1878ರಲ್ಲಿ. ಅದಕ್ಕೂ ಹಿಂದಿನದಕ್ಕೆ 17 ಪ್ಯಾರಿಷ್‌ಗಳ ಚರ್ಚ್ ಪುಸ್ತಕಗಳೇ ಗತಿ. ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದಾದ ಬಲ್ಲಾಫ್‌ನ ಪುಸ್ತಕ 1598ರಿಂದ ಇದೆ, ಉಳಿದವು ಹೆಚ್ಚಾಗಿ 17ನೇ ಶತಮಾನದವು. ಮ್ಯಾಂಕ್ಸ್ ವಸ್ತುಸಂಗ್ರಹಾಲಯದ ಗ್ರಂಥಾಲಯದಲ್ಲಿಯೂ ಅದರ ಐಮ್ಯೂಸಿಯಂ ಜಾಲತಾಣದಲ್ಲಿಯೂ ಇವುಗಳ ಸೂಚಿಗಳು ಹುಡುಕಲು ಸಿಗುತ್ತವೆ. ಹುಡುಕುವಾಗ ಹೆಸರಿನ ಕೊನೆಯ ಸ್ವರವನ್ನು ಬದಲಿಸಿ ನೋಡಬೇಕು, ಒಂದೇ ಬಕಾರದ ರೂಪವನ್ನೂ ನೋಡಬೇಕು, 17ನೇ ಶತಮಾನಕ್ಕೆ ಹಿಂದೆ ಹೋದರೆ ಮ್ಯಾಕ್ ಸೇರಿಸಿ ನೋಡಬೇಕು. ಕೊನೆಗೊಂದು ಎಚ್ಚರಿಕೆ: ಅವರ ಹಿರಿಯರ ಪ್ಯಾರಿಷ್ ಮ್ಯಾಕಲ್ಡ್ ಎಂದೇ ತಿಳಿದುಬಂದರೂ ಮಾರ್ಕ್ ಕಬ್ಬನ್ ಅವರೊಂದಿಗಿನ ಸಂಬಂಧ ಸಿದ್ಧವಾದಂತಲ್ಲ. ಥಾಮಸ್ ಕಬ್ಬನ್ ಅಲ್ಲಿದ್ದುದು ಪಾದ್ರಿಯ ಹುದ್ದೆಯ ಮೇಲೆ; ಪಾದ್ರಿಗಳು ಒಂದು ಪ್ಯಾರಿಷ್‌ನಿಂದ ಇನ್ನೊಂದಕ್ಕೆ ವರ್ಗವಾಗುತ್ತಿದ್ದರು. ಆದ್ದರಿಂದ ಮೊದಲು ಹುಡುಕಬೇಕಾದದ್ದು ಥಾಮಸ್ ಅವರ ತಂದೆ ಯಾವ ಪ್ಯಾರಿಷ್‌ನವರೆಂಬುದನ್ನು.